ಏರುವ ನೌಕೆಯೊಳಗಿನ ಕಣ್ಣು

ಆಕಾಶಕ್ಕೆ ನೆಗೆಯುವ ರಾಕೆಟ್ಟಿನ ಚಿತ್ರವನ್ನು ನೋಡದವರು ಇಂದು ವಿರಳ. ಬೆಂಕಿ, ಹೊಗೆ, ಗರ್ಜನೆ, ಕೊನೆಗೆ ಚುಕ್ಕೆಯಾಗಿ ಕರಗಿಹೋಗುವ ಬೆಳಕು, ಇವೆಲ್ಲ ಹೊರಗಿನ ನೋಟ. ಆ ಬೆಂಕಿಯ ತುದಿಯಲ್ಲಿ ಒಂದು ಇಕ್ಕಟ್ಟಾದ ಕೋಣೆಯಿದೆ. ಅಲ್ಲಿ ಬೆನ್ನ ಮೇಲೆ ಮಲಗಿದಂತೆ ಕುಳಿತಿರುವ ಮನುಷ್ಯನ ಮುಖಕ್ಕೆ ಎದುರಾಗಿ ಒಂದು ಸಣ್ಣ ಕ್ಯಾಮರಾ ಇರುತ್ತದೆ. ನೆಲ ಬಿಟ್ಟ ಗಳಿಗೆಯಿಂದ ಕಕ್ಷೆಯನ್ನು ಸೇರುವವರೆಗೆ ಸುಮಾರು 9 ನಿಮಿಷ. ಆ ಹೊತ್ತಿನಲ್ಲಿ ಆ ಮುಖವನ್ನು ಯಾರು ನೋಡುತ್ತಾರೆ, ಏತಕ್ಕಾಗಿ ನೋಡುತ್ತಾರೆ, ನೋಡುವ ಹಕ್ಕು ಯಾರಿಗೆ ಎಷ್ಟಿದೆ ಎಂಬುದು ಇಂದಿನ ನನ್ನ ವಿಷಯ. ಚಿತ್ರದ ಸಂಗತಿಯನ್ನು ಬರಿಯ ಧ್ವನಿಯಿಂದ ಹೇಳಹೊರಡುವುದು ಶ್ರೋತೃಗಳಿಗೆ ವಿಲಕ್ಷಣವಾಗಿ ತೋರಬಹುದು. ಆದರೆ ಕಾಣದೆ ಕೇಳುವುದಕ್ಕೂ ತನ್ನದೇ ಆದ ಒಂದು ಬೆಲೆಯಿದೆಯೆಂದು ನಾನು ನಂಬಿದ್ದೇನೆ.

ಈ ಕ್ಯಾಮರಾ ನಮ್ಮ ನಿಮ್ಮ ವಿನೋದಕ್ಕಾಗಿ ಹುಟ್ಟಿದ್ದಲ್ಲ. ವೈದ್ಯರ ಅಗತ್ಯಕ್ಕಾಗಿ ಹುಟ್ಟಿತು. ಅದು ಮೊದಲು ನೋಡಿದ್ದೂ ಮನುಷ್ಯನನ್ನಲ್ಲ, ಎರಡು ನಾಯಿಗಳನ್ನು. 1957ರ ನವೆಂಬರಿನಲ್ಲಿ ಲೈಕಾ ಎಂಬ ನಾಯಿ ಕಕ್ಷೆಗೆ ಹೋದಾಗ ನೌಕೆಯಲ್ಲಿ ದೂರದರ್ಶನದ ಕ್ಯಾಮರಾ ಇರಲಿಲ್ಲ. ಬಾಹ್ಯಾಕಾಶದಲ್ಲಿರುವ ಲೈಕಾ ಎಂದು ಕೆಲವೊಮ್ಮೆ ತೋರಿಸುವ ಚಿತ್ರಗಳು ವಾಸ್ತವವಾಗಿ 1960ರ ಆಗಸ್ಟ್ 19ರಂದು ಮೇಲೇರಿದ ಬೆಲ್ಕಾ ಮತ್ತು ಸ್ತ್ರೆಲ್ಕಾ ಎಂಬ ನಾಯಿಗಳವು. ಕಕ್ಷೆಯನ್ನು ಸೇರಿದಾಗ ಅವೆರಡೂ ಸತ್ತಂತೆ ನಿಶ್ಚಲವಾಗಿದ್ದವು. ಬಳಿಕ ಮೆಲ್ಲಮೆಲ್ಲನೆ ಅಲುಗಾಡತೊಡಗಿದವು. ನಾಲ್ಕನೆಯ ಪ್ರದಕ್ಷಿಣೆಯ ಹೊತ್ತಿಗೆ ಬೆಲ್ಕಾ ಚಡಪಡಿಸಿ ವಾಂತಿ ಮಾಡಿಕೊಂಡಿತು. ಮರುದಿನ ಎರಡೂ ಜೀವಂತವಾಗಿ ಭೂಮಿಗೆ ಮರಳಿದವು. ಆದರೆ ಆ ಮಸುಕು ಚಿತ್ರಗಳನ್ನು ಕಂಡ ಸೋವಿಯತ್ ವೈದ್ಯ ವ್ಲಾದಿಮಿರ್ ಯಾಜ್ದೋವ್ಸ್ಕಿ, ಮೊದಲ ಮನುಷ್ಯನ ಯಾನ ಒಂದೇ ಪ್ರದಕ್ಷಿಣೆಗೆ ಸೀಮಿತವಾಗಿರಲಿ ಎಂದು ಸಲಹೆಯಿತ್ತರು. ಯೂರಿ ಗಗಾರಿನ್ ಭೂಮಿಯನ್ನು ಒಂದೇ ಸುತ್ತು ಸುತ್ತಿ 108 ನಿಮಿಷಗಳಲ್ಲಿ ಇಳಿದುಬಂದುದರ ಹಿಂದೆ ಆ ನಾಯಿಯ ಸಂಕಟವಿದೆ. ಆ ಸಂಕಟವನ್ನು ಕಂಡ ಒಂದು ಕ್ಯಾಮರಾ ಇದೆ.

1961ರ ಏಪ್ರಿಲ್ 12ರಂದು ಗಗಾರಿನ್ ಹೊರಟಾಗ, ತೂಕವಿಲ್ಲದ ಸ್ಥಿತಿಯಲ್ಲಿ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿರುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆ ಭಯದಿಂದ ನೌಕೆಯ ಚಾಲನೆಯ ಹಿಡಿತವನ್ನೇ ಅವನಿಗೆ ಸಿಗದಂತೆ ಬೀಗ ಹಾಕಿದ್ದರು. ಬೀಗ ತೆಗೆಯುವ ಗುಪ್ತಸಂಖ್ಯೆಯನ್ನು ಒಂದು ಲಕೋಟೆಯಲ್ಲಿಟ್ಟು ಕೊಟ್ಟಿದ್ದರು: ಲಕೋಟೆ ಒಡೆದು ಓದಿ, ಅಂಕಿಗಳನ್ನು ಸರಿಯಾಗಿ ಒತ್ತುವಷ್ಟು ವಿವೇಕ ಉಳಿದಿದ್ದವನ ಕೈಗೆ ಮಾತ್ರ ನೌಕೆ ಒಪ್ಪಿಸಲ್ಪಡುತ್ತಿತ್ತು. ಅದೇ ಸಂದೇಹವೇ ಅವನ ಮುಖದೆದುರು ಕ್ಯಾಮರಾವನ್ನೂ ಇರಿಸಿತು. ‘ಸೆಲಿಗೆರ್’ ಎಂಬ ಹೆಸರಿನ ಆ ವ್ಯವಸ್ಥೆಯ ಚಿತ್ರದಲ್ಲಿ ಇದ್ದುದು ಕೇವಲ 100 ಗೆರೆಗಳು. ಸೆಕೆಂಡಿಗೆ 10 ಚಿತ್ರಗಳು. ಮುಂದೆ ನಮ್ಮ ಮನೆಗಳಿಗೆ ಬಂದ ದೂರದರ್ಶನದಲ್ಲಿ 625 ಗೆರೆಗಳೂ ಸೆಕೆಂಡಿಗೆ 25 ಚಿತ್ರಗಳೂ ಇದ್ದುವೆಂಬುದನ್ನು ನೆನೆದರೆ, ಗಗಾರಿನ್ನನ ಮುಖ ಎಷ್ಟು ಮಸುಕಾಗಿ ಕಂಡಿರಬೇಕೆಂದು ಊಹಿಸಬಹುದು.

ಆ ಮಸುಕು ಚಿತ್ರದಲ್ಲಿ ಮುಖವೇನೋ ಶಾಂತವಾಗಿಯೇ ಇತ್ತು. ಆದರೆ ಎದೆಗೆ ಅಂಟಿಸಿದ್ದ ತಂತುಗಳು ಬೇರೊಂದು ಕಥೆ ಹೇಳುತ್ತಿದ್ದವು. ಉಡಾವಣೆಗೆ ಮುನ್ನ ನಿಮಿಷಕ್ಕೆ 64ರಷ್ಟಿದ್ದ ನಾಡಿಬಡಿತ, ರಾಕೆಟ್ಟು ಏರುವ ಹೊತ್ತಿಗೆ 150ರ ಆಸುಪಾಸಿಗೆ ಹೋಗಿತ್ತು. ಹೃದಯ ಕಂಡದ್ದನ್ನು ಮುಖ ತೋರಿಸಲಿಲ್ಲ. ಒಳಕೋಣೆಯ ಛಾಯಾಗ್ರಹಣದ ಮೊದಲ ಪಾಠವೇ ಇದು. ಈ ಕ್ಯಾಮರಾ ಮನುಷ್ಯ ಬದುಕಿದ್ದಾನೆ, ಎಚ್ಚರವಾಗಿದ್ದಾನೆ ಎಂಬಷ್ಟನ್ನು ಹೇಳಬಲ್ಲದು. ಅವನು ಏನನ್ನು ಅನುಭವಿಸುತ್ತಿದ್ದಾನೆ ಎಂಬುದನ್ನು ಹೇಳಲಾರದು.

ಅಮೆರಿಕನ್ನರು ಬೇರೊಂದು ದಾರಿ ಹಿಡಿದರು. 1961ರ ಮೇ 5ರಂದು ಅಲನ್ ಶೆಪರ್ಡ್ 15 ನಿಮಿಷಗಳ ಪುಟ್ಟ ಯಾನ ಮಾಡಿದಾಗ ಅವನ ಮುಖವನ್ನು ಸೆರೆಹಿಡಿದದ್ದು ಚಲನಚಿತ್ರದ ಕ್ಯಾಮರಾ. ಒಂದು ಕ್ಯಾಮರಾ ಮುಖದ ಕಡೆಗೆ, ಇನ್ನೊಂದು ಮಾಪಕಗಳ ಫಲಕದ ಕಡೆಗೆ ತಿರುಗಿತ್ತು. ಈ ಚಿತ್ರಸುರುಳಿ ನೆಲಕ್ಕೆ ಬಂದು, ತೊಳೆದು ಸಂಸ್ಕರಿಸಿದ ಮೇಲೆಯೇ ನೋಡಲು ಸಿಗುವಂಥದು. ನೋಡುವ ಹೊತ್ತಿಗೆ ಯಾತ್ರಿಕ ಕ್ಷೇಮವಾಗಿ ಮರಳಿರುತ್ತಿದ್ದ. ಅದೇ ವರ್ಷ ಜುಲೈ 21ರಂದು ಗಸ್ ಗ್ರಿಸಂ ಹೋಗಿಬಂದಾಗ, ನೌಕೆಯ ಬಾಗಿಲು ಅಕಾಲದಲ್ಲಿ ತೆರೆದುಕೊಂಡು ನೌಕೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಅದರೊಡನೆ ಅವನ ಮುಖದ ಚಿತ್ರಸುರುಳಿಯೂ ಮುಳುಗಿತು. 1963ರ ಮೇ ತಿಂಗಳಲ್ಲಿ ಗಾರ್ಡನ್ ಕೂಪರ್ ಹೋದಾಗಲಷ್ಟೇ ಅಮೆರಿಕದ ನೌಕೆಯೊಂದರಿಂದ ದೂರದರ್ಶನದ ಚಿತ್ರ ಭೂಮಿಗೆ ಬಂತು. ಅದೂ ಎರಡು ಸೆಕೆಂಡಿಗೆ ಒಂದು ಚಿತ್ರದಂತೆ.

ಇಷ್ಟು ದೊಡ್ಡ ರಾಕೆಟ್ಟನ್ನು ಕಟ್ಟಿದವರಿಗೆ ಒಂದು ಮುಖವನ್ನು ತೋರಿಸುವುದು ಏಕೆ ಕಷ್ಟವಾಗಬೇಕು ಎಂದು ಯಾರಾದರೂ ಕೇಳಬಹುದು. ನೌಕೆ ಏರುವಾಗ ಎಲ್ಲವೂ ನಡುಗುತ್ತದೆ, ಕ್ಯಾಮರಾ ಸಹಿತ. ದೇಹದ ತೂಕ ಮೂರು ನಾಲ್ಕು ಪಟ್ಟು ಹೆಚ್ಚಿ, ಕೆನ್ನೆಯ ಮಾಂಸ ಹಿಂದಕ್ಕೆ ಜಗ್ಗುತ್ತದೆ. ವಾಯುಮಂಡಲವನ್ನು ದಾಟುವವರೆಗೆ ಕೆಲವು ನೌಕೆಗಳ ಮೇಲೆ ರಕ್ಷಾಕವಚವಿರುವುದರಿಂದ ಕಿಟಕಿಗಳು ಮುಚ್ಚಿರುತ್ತವೆ. ಒಳಗಿನ ದೀಪದ ಬೆಳಕೊಂದೇ ಆಸರೆ. ಎಲ್ಲಕ್ಕಿಂತ ಮಿಗಿಲಾಗಿ, ಧ್ವನಿಯನ್ನು ಕಳಿಸಲು ಸಾಕಾಗುವ ರೇಡಿಯೊ ಸಂಪರ್ಕ ಚಿತ್ರಕ್ಕೆ ಸಾಲದು. ಚಿತ್ರ ಬೇಡುವ ಸಂಕೇತಗಳು ನೂರಾರು ಪಟ್ಟು ಹೆಚ್ಚು. ಆದ್ದರಿಂದಲೇ ಗೆರೆಗಳನ್ನು ಕಡಿಮೆಮಾಡಿ, ಚಿತ್ರಗಳ ಸಂಖ್ಯೆಯನ್ನು ಇಳಿಸಿ, ಇದ್ದಷ್ಟರಲ್ಲಿ ತೃಪ್ತಿಪಡಬೇಕಾಯಿತು.

ರಷ್ಯದ ಸೊಯೂಜ್ ನೌಕೆಯ ಉಡಾವಣೆಯ ಚಿತ್ರಗಳನ್ನು ನಾನು ಹಲವು ಸಲ ನೋಡಿದ್ದೇನೆ. ಶಿರಸ್ತ್ರಾಣದೊಳಗೆ ಅಲುಗುವ ಮುಖಗಳು. ಆಸನಕ್ಕೆ ಬಿಗಿದ ನಾಯಕ ಕೈಚಾಚಲಾರದೆ ಒಂದು ಉದ್ದ ಕೋಲಿನಿಂದ ಗುಂಡಿಗಳನ್ನು ಒತ್ತುವ ದೃಶ್ಯ. ಇವೆಲ್ಲದರ ನಡುವೆ ಕಣ್ಣನ್ನು ಸೆಳೆಯುವುದು ದಾರದಲ್ಲಿ ತೂಗುಹಾಕಿದ ಒಂದು ಆಟದ ಗೊಂಬೆ. ಎಂಜಿನ್ನು ಉರಿಯುತ್ತಿರುವಷ್ಟು ಕಾಲ ದಾರ ಬಿಗಿಯಾಗಿ ಜಗ್ಗಿರುತ್ತದೆ. ರಾಕೆಟ್ಟಿನ ಒಂದು ಹಂತ ಕಳಚಿ ಬಿದ್ದಾಗ ಗೊಂಬೆ ಕುಪ್ಪಳಿಸುತ್ತದೆ. ಕೊನೆಯ ಎಂಜಿನ್ನು ನಿಂತೊಡನೆ ದಾರ ಸಡಿಲವಾಗಿ ಗೊಂಬೆ ತೇಲತೊಡಗುತ್ತದೆ. ಯಾವ ಮಾಪಕವನ್ನೂ ಓದಲು ಬಾರದ ಮಗುವಿಗೂ ಕಕ್ಷೆಗೆ ತಲಪಿದೆವೆಂಬುದನ್ನು ತಿಳಿಸುವ ಉಪಕರಣವದು.

ಮುಖವನ್ನು ನೋಡುವುದರ ಬೆಲೆ ಎಷ್ಟೆಂಬುದನ್ನು ಅತ್ಯಂತ ಮನಮುಟ್ಟುವಂತೆ ತೋರಿಸಿದ ಘಟನೆ ಚೀನಾ ದೇಶದ್ದು. 2003ರ ಅಕ್ಟೋಬರ್ 15ರಂದು ಯಾಂಗ್ ಲಿವೇ ಶೆಂಝೌ 5 ನೌಕೆಯಲ್ಲಿ ಹೊರಟ. ಆ ದೇಶದಿಂದ ಬಾಹ್ಯಾಕಾಶಕ್ಕೆ ಹೋದ ಮೊದಲಿಗ ಅವನು. ನೌಕೆ ಮೂವತ್ತು ನಲವತ್ತು ಕಿಲೋಮೀಟರು ಎತ್ತರದಲ್ಲಿದ್ದಾಗ ರಾಕೆಟ್ಟಿನಲ್ಲಿ ಮಂದಗತಿಯ ಒಂದು ಕಂಪನ ಹುಟ್ಟಿತು. ಅಂಥ ಕಂಪನ ದೇಹದ ಒಳಾಂಗಗಳ ಸಹಜ ಕಂಪನದೊಡನೆ ಸೇರಿಕೊಂಡು ಅದನ್ನು ಇಮ್ಮಡಿಸುತ್ತದೆ. ಒಳಗಿನ ಅಂಗಗಳೆಲ್ಲ ಒಡೆದುಹೋಗುವಂತೆ ಭಾಸವಾಯಿತೆಂದೂ, ಸತ್ತೇ ಹೋಗುವೆನೆಂದು ತೋರಿತೆಂದೂ ಅವನೇ ಮುಂದೆ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ಆ ಯಾತನೆ 26 ಸೆಕೆಂಡುಗಳ ಕಾಲ ಇತ್ತು. ನೆಲದ ಮೇಲಿನ ನಿಯಂತ್ರಣ ಕೇಂದ್ರದಲ್ಲಿ ದೊಡ್ಡ ಪರದೆಯ ಮೇಲೆ ಅವನ ಚಿತ್ರ ಸ್ತಬ್ಧವಾಗಿತ್ತು. ಮೈ ಅಲುಗುತ್ತಿಲ್ಲ, ಕಣ್ಣು ಮಿಟುಕುತ್ತಿಲ್ಲ. ನೋಡುತ್ತಿದ್ದವರ ಎದೆ ತಲ್ಲಣಿಸಿತು. ಹೊರಟು 3 ನಿಮಿಷ 20 ಸೆಕೆಂಡುಗಳಾದಾಗ ನೌಕೆಯ ರಕ್ಷಾಕವಚ ಕಳಚಿಕೊಂಡಿತು. ಕಿಟಕಿಯಿಂದ ಬಿಸಿಲು ಥಟ್ಟನೆ ಮುಖಕ್ಕೆ ಹೊಡೆಯಿತು. ಅವನು ಎವೆಯಿಕ್ಕಿದ. ಆಗ ಕೇಂದ್ರದಲ್ಲಿ ಯಾರೋ, ಕಣ್ಣು ಮಿಟುಕಿಸಿದ, ಬದುಕಿದ್ದಾನೆ ಎಂದು ಕೂಗಿದರಂತೆ. ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತಂತೆ.

ನಮ್ಮ ಪುರಾಣಗಳಲ್ಲಿ ದೇವತೆಗಳು ಅನಿಮಿಷರು, ಎವೆಯಿಕ್ಕದವರು. ಸ್ವಯಂವರ ಮಂಟಪದಲ್ಲಿ ನಳನ ರೂಪವನ್ನೇ ತಾಳಿ ಸಾಲಾಗಿ ಕುಳಿತ ದೇವತೆಗಳ ನಡುವೆ ದಮಯಂತಿ ತನ್ನ ನಳನನ್ನು ಗುರುತಿಸಿದ ಕುರುಹುಗಳಲ್ಲಿ ಎವೆಯಿಕ್ಕುವ ಕಣ್ಣೂ ಒಂದು. ಮೇಲುಲೋಕಕ್ಕೆ ಹೋದವನು ಇನ್ನೂ ಮನುಷ್ಯನೇ ಆಗಿದ್ದಾನೆ, ಬದುಕಿಯೇ ಇದ್ದಾನೆ ಎಂಬುದಕ್ಕೆ ಅಂದು ಸಿಕ್ಕ ಪ್ರಮಾಣವೂ ಒಂದು ರೆಪ್ಪೆಯ ಬಡಿತವೇ.

ಆದರೆ ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. ಆ ಕಂಪನದ ಸಂಗತಿಯನ್ನು ತಂತ್ರಜ್ಞರು ವಿವರವಾಗಿ ತಿಳಿದುಕೊಂಡದ್ದು ಯಾಂಗ್ ಮರಳಿ ಬಂದು ಬಾಯಿಬಿಟ್ಟು ಹೇಳಿದ ಮೇಲೆ. ಅವನ ಮಾತನ್ನು ಆಧರಿಸಿ ಪರೀಕ್ಷೆಗಳನ್ನು ನಡೆಸಿ ರಾಕೆಟ್ಟನ್ನು ತಿದ್ದಿದರು. ಶೆಂಝೌ 6ರಲ್ಲಿ ಕಂಪನ ತಗ್ಗಿತು. ಶೆಂಝೌ 7ರಲ್ಲಿ ಕಾಣಿಸಿಕೊಳ್ಳಲಿಲ್ಲ. ಕ್ಯಾಮರಾ ಜೀವವಿದೆಯೆಂದು ಹೇಳಿತು; ವೇದನೆ ಏನೆಂಬುದನ್ನು ಹೇಳಲು ಮನುಷ್ಯನ ಮಾತೇ ಬೇಕಾಯಿತು.

ಇಷ್ಟರವರೆಗೆ ಹೇಳಿದ್ದು ನಿಯಂತ್ರಣ ಕೇಂದ್ರದ ಕಣ್ಣಿನ ವಿಚಾರ. ಇನ್ನು ನಮ್ಮ ಕಣ್ಣಿನ ವಿಚಾರ. 1962ರ ಆಗಸ್ಟಿನಲ್ಲಿ ನಿಕೊಲಾಯೆವ್ ಮತ್ತು ಪೊಪೊವಿಚ್ ಎಂಬಿಬ್ಬರು ಸೋವಿಯತ್ ಯಾತ್ರಿಕರು ಎರಡು ನೌಕೆಗಳಲ್ಲಿ ಏಕಕಾಲಕ್ಕೆ ಕಕ್ಷೆಯಲ್ಲಿದ್ದಾಗ ಅವರ ಚಿತ್ರಗಳನ್ನು ಸಾರ್ವಜನಿಕರಿಗೂ ತೋರಿಸಲಾಯಿತು. ವೈದ್ಯರ ಕೋಣೆಯ ಪರದೆ ಅಂದು ಮನೆಯ ಪಡಸಾಲೆಗೆ ಬಂತು. ಅದರಿಂದ ದೂರದ ಯಾತ್ರಿಕರು ಜನರಿಗೆ ನಂಟರಂತಾದರು. ಆದರೆ ನಂಟು ಬೆಳೆದಲ್ಲಿ ದುಃಖಕ್ಕೂ ದಾರಿಯಾಗುತ್ತದೆ. 1971ರ ಜೂನ್ ತಿಂಗಳಲ್ಲಿ ದೊಬ್ರೊವೊಲ್ಸ್ಕಿ, ವೋಲ್ಕೊವ್, ಪಾತ್ಸಾಯೆವ್ ಎಂಬ ಮೂವರು ಸಾಲ್ಯೂತ್ ನಿಲ್ದಾಣದಿಂದ ಮೂರು ವಾರಗಳ ಕಾಲ ದೂರದರ್ಶನದಲ್ಲಿ ಕಾಣಿಸಿಕೊಂಡರು. ಮರಳುವ ದಾರಿಯಲ್ಲಿ ನೌಕೆಯ ಗಾಳಿ ಸೋರಿಹೋಗಿ ಮೂವರೂ ತೀರಿಕೊಂಡಾಗ, ಆ ದೇಶದ ಜನ ಅತ್ತದ್ದು ಪತ್ರಿಕೆಯ ಹೆಸರುಗಳಿಗಾಗಿ ಅಲ್ಲ, ತಾವು ಕಂಡಿದ್ದ ಮುಖಗಳಿಗಾಗಿ.

ಹಾಗಾದರೆ ದುರಂತದ ಗಳಿಗೆಯ ಮುಖವನ್ನೂ ನಾವು ನೋಡಬೇಕೆ? ಈ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಿತು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹೊರಟ 73 ಸೆಕೆಂಡುಗಳಲ್ಲಿ ಒಡೆದು ಏಳು ಜನ ಮಡಿದರು. ನೌಕೆಯೊಳಗಿನ ಮಾತುಕತೆಯನ್ನು ದಾಖಲಿಸಿದ್ದ ಧ್ವನಿಸುರುಳಿ ಸಮುದ್ರದಿಂದ ದೊರೆಯಿತು. ಅದರಲ್ಲಿದ್ದ ಮಾತುಗಳನ್ನು ನಾಸಾ ಸಂಸ್ಥೆ ಬರಹದಲ್ಲಿ ಪ್ರಕಟಿಸಿತು. ಧ್ವನಿಯನ್ನು ಮಾತ್ರ ಕೊಡಲಿಲ್ಲ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಧ್ವನಿಯನ್ನೂ ಕೇಳಿ ದಾವೆ ಹೂಡಿತು. ವರ್ಷಗಟ್ಟಲೆ ವಾದ ನಡೆದು, 1991ರಲ್ಲಿ ನ್ಯಾಯಾಲಯ ಮಡಿದವರ ಕುಟುಂಬಗಳ ನೆಮ್ಮದಿಯೇ ಹೆಚ್ಚಿನದೆಂದು ತೀರ್ಪಿತ್ತಿತು. ದುರಂತದ ಕಾರಣ ತಿಳಿಯಲು ಆ ಧ್ವನಿ ಬೇಕಾಗಿರಲಿಲ್ಲ. ಬಲಗಡೆಯ ರಾಕೆಟ್ಟಿನ ಕೀಲಿನಿಂದ ಹೊರಟ ಕಪ್ಪು ಹೊಗೆಯನ್ನು ನೆಲದ ಮೇಲಿನ ಕ್ಯಾಮರಾಗಳು ಆಗಲೇ ಸೆರೆಹಿಡಿದಿದ್ದವು.

ಇನ್ನೊಂದು ದುರಂತ ನಮಗೆ ಇನ್ನೂ ಹತ್ತಿರದ್ದು. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಒಡೆದುಹೋಯಿತು. ಅದರಲ್ಲಿದ್ದ ಏಳು ಜನರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಹುಟ್ಟಿ ಬೆಳೆದ ಕಲ್ಪನಾ ಚಾವ್ಲಾ ಒಬ್ಬರು. ಟೆಕ್ಸಸ್ ರಾಜ್ಯದಲ್ಲಿ ಚೆಲ್ಲಿದ್ದ ಅವಶೇಷಗಳ ನಡುವೆ ಒಂದು ವಿಡಿಯೊ ಸುರುಳಿ ಪವಾಡದಂತೆ ಉಳಿದುಬಂದಿತ್ತು. ಲಾರೆಲ್ ಕ್ಲಾರ್ಕ್ ಎಂಬ ಸಹಯಾತ್ರಿ ಕೈಯಲ್ಲಿ ಹಿಡಿದು ತೆಗೆದ ಸುಮಾರು 13 ನಿಮಿಷಗಳ ಚಿತ್ರವದು. ಮೇಲಿನ ಕೋಣೆಯಲ್ಲಿದ್ದ ನಾಲ್ವರು ಕೈಗವಸು ತೊಡುತ್ತಾರೆ, ನಗೆಮಾತಾಡುತ್ತಾರೆ, ಕಿಟಕಿಯಾಚೆಯ ಕೆಂಬೆಳಕನ್ನು ಬೆರಗಿನಿಂದ ನೋಡುತ್ತಾರೆ. ಕೇಡಿನ ಮೊದಲ ಸೂಚನೆ ಕಾಣಿಸುವುದಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆಯೇ ಸುರುಳಿ ಮುಗಿದುಹೋಗಿದೆ. ಆ ಚಿತ್ರವನ್ನು ಲೋಕಕ್ಕೆ ತೋರಿಸಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದು ಬದುಕಿದ್ದವರ ಚಿತ್ರ. ಆ ನಾಲ್ಕು ನಿಮಿಷಗಳ ಆಚೆಗೂ ಸುರುಳಿ ಓಡಿದ್ದರೆ ಏನಾಗುತ್ತಿತ್ತು? ಕಾರಣ ತಿಳಿಯಲು ಅದು ನೆರವಾಗುತ್ತಿರಲಿಲ್ಲ. ಉಡಾವಣೆಯ ವೇಳೆ ತೊಟ್ಟಿಯಿಂದ ಕಳಚಿದ ನೊರೆಯ ತುಂಡು ರೆಕ್ಕೆಗೆ ಬಡಿದದ್ದನ್ನು ಅಂದೂ ಹೊರಗಿನ ಕ್ಯಾಮರಾಗಳೇ ಕಂಡಿದ್ದವು.

ಕುರುಕ್ಷೇತ್ರ ಯುದ್ಧಕ್ಕೆ ಮುನ್ನ ವ್ಯಾಸರು ಧೃತರಾಷ್ಟ್ರನ ಬಳಿಗೆ ಬಂದು, ಯುದ್ಧವನ್ನು ನೋಡಲು ಕಣ್ಣು ಕೊಡುತ್ತೇನೆ ಎಂದರಂತೆ. ಹುಟ್ಟುಗುರುಡನಾದ ಆ ಮುದುಕ ಅದನ್ನು ಒಲ್ಲೆನೆಂದ. ಬಂಧುಗಳ ಸಾವನ್ನು ಕಣ್ಣಾರೆ ಕಾಣಲಾರೆ, ಕಿವಿಯಿಂದ ಎಲ್ಲವನ್ನೂ ಕೇಳುತ್ತೇನೆ ಎಂದ. ಆ ದಿವ್ಯದೃಷ್ಟಿ ಸಂಜಯನ ಪಾಲಿಗೆ ಬಂತು. ದೂರದರ್ಶನವನ್ನು ಸಂಜಯನ ದೃಷ್ಟಿಗೆ ಹೋಲಿಸುವುದು ವಾಡಿಕೆ. ಆದರೆ ಆ ಕಥೆಯಲ್ಲಿ ಕಣ್ಣನ್ನು ಬೇಡವೆಂದ ತಂದೆಯೊಬ್ಬನಿದ್ದಾನೆ ಎಂಬುದನ್ನು ನಾವು ಮರೆಯುತ್ತೇವೆ. ಅವನು ಸತ್ಯವನ್ನು ಬೇಡವೆನ್ನಲಿಲ್ಲ. ಪ್ರತಿಯೊಂದು ಸುದ್ದಿಯನ್ನೂ ಕೇಳಿದ. ನೋಟವನ್ನು ಮಾತ್ರ ಬೇಡವೆಂದ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಮರೆಮಾಡಲು ಅವಕಾಶ ಕೊಟ್ಟರೆ ಸರಕಾರಗಳು ಎಲ್ಲವನ್ನೂ ಮರೆಮಾಡುತ್ತವೆ. ತೆರೆದ ಪರದೆಯೇ ಸತ್ಯಕ್ಕೆ ಕಾವಲು ಎಂಬುದು ಆ ಆಕ್ಷೇಪ. ಯಾಂಗ್ ಲಿವೇಯ ಉಡಾವಣೆಯನ್ನು ಚೀನಾದಲ್ಲಿ ನೇರವಾಗಿ ಪ್ರಸಾರ ಮಾಡಲಿಲ್ಲವೆಂಬುದನ್ನು ನೆನೆದರೆ ಈ ಮಾತಿನಲ್ಲಿ ಹುರುಳಿದೆ. ಯಾನದ ವೆಚ್ಚವನ್ನು ಹೊರುವ ಜನಕ್ಕೆ ನಡೆದದ್ದನ್ನೆಲ್ಲ ತಿಳಿಯುವ ಹಕ್ಕಿದೆ. ಆದರೆ ನಡೆದದ್ದನ್ನು ತಿಳಿಯುವುದು ಬೇರೆ, ನಡೆಯುವಾಗಿನ ಮುಖವನ್ನು ನೋಡುವುದು ಬೇರೆ. ಚಾಲೆಂಜರಿನ ಮಾತುಗಳನ್ನು ಬರಹದಲ್ಲಿ ಕೊಟ್ಟು ಧ್ವನಿಯನ್ನು ತಡೆಹಿಡಿದದ್ದು ಈ ಎರಡರ ನಡುವಿನ ಗೆರೆಯನ್ನು ಗುರುತಿಸಿದಂತೆಯೇ.

2018ರ ಅಕ್ಟೋಬರ್ 11ರ ಘಟನೆ ಈ ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಲೆಕ್ಸೇಯ್ ಒವ್ಚಿನಿನ್ ಮತ್ತು ನಿಕ್ ಹೇಗ್ ಎಂಬಿಬ್ಬರನ್ನು ಹೊತ್ತ ಸೊಯೂಜ್ ನೌಕೆ ಬೈಕನೂರಿನಿಂದ ಹೊರಟು ಎರಡು ನಿಮಿಷಗಳಾಗುವಷ್ಟರಲ್ಲಿ, ಪಕ್ಕದ ರಾಕೆಟ್ಟುಗಳಲ್ಲಿ ಒಂದು ಸರಿಯಾಗಿ ಬೇರ್ಪಡದೆ ನಡುಗಂಬಕ್ಕೆ ಬಡಿಯಿತು. ನೇರಪ್ರಸಾರದಲ್ಲಿ ಇಬ್ಬರ ದೇಹಗಳೂ ಒಮ್ಮೆಲೆ ಅತ್ತಿತ್ತ ಕುಲುಕಾಡಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಆ ಚಿತ್ರ ಮರೆಯಾಯಿತು. ರಕ್ಷಣಾ ವ್ಯವಸ್ಥೆ ನೌಕೆಯನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ದಿತ್ತು. ಸುಮಾರು 20 ನಿಮಿಷಗಳಲ್ಲಿ ಇಬ್ಬರೂ ಕಝಾಕ್‌ಸ್ತಾನದ ಬಯಲಿನಲ್ಲಿ ಕ್ಷೇಮವಾಗಿ ಇಳಿದರು. ಜೋಡಣೆಯ ವೇಳೆ ಬಾಗಿಹೋಗಿದ್ದ ಒಂದು ಸಂವೇದಕದ ಕಡ್ಡಿಯೇ ಇದಕ್ಕೆ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ರಾಕೆಟ್ಟಿನ ಹೊರಮೈಗೆ ಕಟ್ಟಿದ್ದ ಕ್ಯಾಮರಾದ ಚಿತ್ರವನ್ನೂ ಆಗ ಬಹಿರಂಗಪಡಿಸಿದರು. ಮುಖಗಳನ್ನು ಮರೆಮಾಡಿದ್ದರಿಂದ ಸತ್ಯಕ್ಕೆ ಎಳ್ಳಷ್ಟೂ ಕುಂದಾಗಲಿಲ್ಲ. 2019ರ ಮಾರ್ಚಿನಲ್ಲಿ ಅವರಿಬ್ಬರೂ ಮತ್ತೆ ಅಂಥದೇ ನೌಕೆಯಲ್ಲಿ ಕುಳಿತು ಕಕ್ಷೆಗೆ ಹೋದರು.

ಈ ವಿಚಾರ ಇಂದು ನಮಗೆ ಪರದೇಶದ ವಾರ್ತೆಯಾಗಿ ಉಳಿದಿಲ್ಲ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸಾಲ್ಯೂತ್ 7ರಿಂದ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರೊಡನೆ ಮಾತಾಡಿದ್ದನ್ನು ನಮ್ಮ ದೇಶ ಕಂಡಿತು. ಅದು ಅಪಾಯದ ಘಟ್ಟವನ್ನು ದಾಟಿ ನಿಲ್ದಾಣ ಸೇರಿದವರ ಚಿತ್ರ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಮೂವರು ಸಂಗಡಿಗರೊಡನೆ ಅಮೆರಿಕದಿಂದ ಹೊರಟಾಗ ಜನ ಉಡಾವಣೆಯನ್ನು ನಡೆಯುತ್ತಿದ್ದಂತೆಯೇ ನೋಡಿದರು. ಲಖನೌದಲ್ಲಿ ಅವರ ತಂದೆತಾಯಿಗಳೂ ನೋಡಿದರು. ತೂಕವಿಲ್ಲದ ಸ್ಥಿತಿಯನ್ನು ಸಾರಲು ಆ ತಂಡ ಒಯ್ದಿದ್ದ ಗೊಂಬೆ ಒಂದು ಹಂಸ. ಗಗನಯಾನ ಯೋಜನೆಗಾಗಿ ಆಯ್ಕೆಯಾದ ನಾಲ್ವರ ಹೆಸರುಗಳು 2024ರ ಫೆಬ್ರವರಿಯಲ್ಲಿ ಪ್ರಕಟವಾದವು, ಶುಕ್ಲಾ ಅವರಲ್ಲೊಬ್ಬರು. ಅವರ ತರಬೇತಿಯ ದೊಡ್ಡ ಭಾಗ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ನಮ್ಮದೇ ರಾಕೆಟ್ಟು ನಮ್ಮವರನ್ನು ಹೊತ್ತು ಶ್ರೀಹರಿಕೋಟಾದಿಂದ ಏರುವ ದಿನ, ಕೋಟ್ಯಂತರ ಕಣ್ಣುಗಳು ಆ ಒಳಕೋಣೆಯ ಚಿತ್ರಕ್ಕಾಗಿ ಕಾದಿರುತ್ತವೆ. ಅದಕ್ಕೆ ಮುಂಚೆಯೇ ನಾವು ಯೋಚಿಸಿ ಒಂದು ನಿಲುವಿಗೆ ಬರುವುದು ಒಳ್ಳೆಯದು.

ನನಗೆ ತೋರುವುದು ಇಷ್ಟು. ನಿಯಂತ್ರಣ ಕೇಂದ್ರದ ಕಣ್ಣು ಯಾವ ಸ್ಥಿತಿಯಲ್ಲಿಯೂ ಮುಚ್ಚಬಾರದು. ಅದು ಯಾತ್ರಿಕನ ಜೀವಕ್ಕೆ ಕಾವಲಾಗಿರುವ ಕಣ್ಣು. ನಮ್ಮ ಕಣ್ಣು ಅಲ್ಲಿಗೆ ಅತಿಥಿಯಾಗಿ ಹೋದದ್ದು. ಏನನ್ನು ತೋರಿಸಬಹುದು, ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ಆಸನದಲ್ಲಿ ಕೂರುವವರನ್ನೂ ಅವರ ಮನೆಯವರನ್ನೂ ಕೇಳಿ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಕೇಡು ಒದಗಿದರೆ, ಕಾರಣವನ್ನೂ ಹೊಣೆಯನ್ನೂ ಒಂದಕ್ಷರ ಬಿಡದೆ ನಾವು ಕೇಳಿ ಪಡೆಯಬೇಕು. ಮುಖವನ್ನು ಮಾತ್ರ ಅವರ ಮನೆಯವರಿಗೆ ಬಿಟ್ಟುಕೊಡಬೇಕು.

ಎಲ್ಲವೂ ಕ್ಷೇಮವಾಗಿ ನಡೆಯಲೆಂದೇ ನಮ್ಮೆಲ್ಲರ ಹಾರೈಕೆ. ಆ ದಿನ ಚಿತ್ರ ಕಂಡರೆ ಕಣ್ತುಂಬ ನೋಡೋಣ. ನಡುವೆ ಪರದೆ ಒಮ್ಮೆ ಕಪ್ಪಾದರೆ ಗೊಣಗದೆ ಕಾಯೋಣ. ಬಾನುಲಿಯಲ್ಲಿ ಸುದ್ದಿ ಬಂದೇ ಬರುತ್ತದೆ.